ಥಂಡಿಯ ಮೇಲೆ ಹೊರಿಸಿದ ಸಾವು

ಮೀನು ನೋಡಿಕೊಳ್ಳುವ ನೌಕರಿ ಎಂದರೆ ಜನ ನಗುತ್ತಿದ್ದರು. ಬೀದರದಂಥ ಬಿಸಿಲಿನ ಜಿಲ್ಲೆಯಲ್ಲಿ ಮೀನು ಎಲ್ಲಿಂದ ಬಂದವು, ಅವುಗಳ ಹಿಂದೆ ತಿರುಗಾಡಲು ಸರ್ಕಾರ ಒಬ್ಬ ಹೆಣ್ಣುಮಗಳನ್ನು ಯಾಕೆ ಇಟ್ಟಿದೆ ಎಂದು ನಮ್ಮ ಬೀಗರೇ ಕೇಳಿದ್ದುಂಟು. ನಾನೂ ನಗುತ್ತಿದ್ದೆ. ಔರಾದ, ಭಾಲ್ಕಿ, ಬೀದರ ಮೂರೂ ಕಡೆಯ ಕೆರೆಗಳ ಏರಿಯ ಮೇಲೆ ನಡೆದು ನಡೆದು ಮೊಣಕಾಲು ಸವೆಸಿಕೊಂಡು ಈಗ ಬೀದರದ ಮನೆಯಲ್ಲಿ ಕೂತಿದ್ದೇನೆ. ಇದೇ ಕೆಲಸಕ್ಕೆ ಹೊಸದಾಗಿ ಸೇರಿದ ಹುಡುಗ ಹುಡುಗಿಯರು ಆಗೀಗ ಬಂದು, ಮೇಡಂ, ಮೊದಲು ಏನು ಓದಬೇಕು ಎಂದು ಕೇಳುತ್ತಾರೆ. ಓದುವುದು ಆಮೇಲೆ, ಮೊದಲು ಚಳಿಗಾಲದ ಬೆಳಿಗ್ಗೆ ಕೆರೆಗೆ ಹೋಗಿ ನಿಲ್ಲಿ ಎನ್ನುತ್ತೇನೆ.

ಬೇಸಿಗೆಯಲ್ಲಿ ಎಲ್ಲರೂ ಕೆರೆ ನೋಡುತ್ತಾರೆ, ನೀರು ಇಳಿಯುತ್ತಿರುತ್ತದೆ. ಮಳೆಗಾಲದಲ್ಲೂ ನೋಡುತ್ತಾರೆ, ನೀರು ಏರುತ್ತಿರುತ್ತದೆ. ಚಳಿಗಾಲದಲ್ಲಿ ಯಾರೂ ನೋಡುವುದಿಲ್ಲ. ನೀರು ತಿಳಿಯಾಗಿ, ಅಲುಗದೆ, ಕನ್ನಡಿಯ ಹಾಗೆ ಇರುತ್ತದೆ. ಕೆರೆ ಸುಖವಾಗಿದೆ ಎಂದುಕೊಳ್ಳುತ್ತೇವೆ. ನನ್ನ ನೌಕರಿಯಲ್ಲಿ ನಾನು ಕಂಡ ದೊಡ್ಡ ಸಾವುಗಳೆಲ್ಲ ಆ ದಿನಗಳವೇ.

ನನಗೆ ಕೆಲಸ ಕಲಿಸಿದವರು ಖಾದರ್ ಸಾಹೇಬರು. ನಾನು ಸೇರಿದಾಗ ಅವರು ನಿವೃತ್ತಿಯ ಅಂಚಿನಲ್ಲಿದ್ದರು. ಬೀದರದ ಹಳೇ ಊರಿನವರು. ತಲೆಗೆ ಮಫ್ಲರ್ ಸುತ್ತಿ, ಪ್ಯಾಂಟಿನ ಕಾಲು ಮಡಚಿ, ಮಾತಾಡುವ ಮೊದಲು ನೀರಿಗೆ ಕೈ ಇಳಿಸುತ್ತಿದ್ದರು. ಆಗ ನೀರಿನ ಉಸಿರು, ಅಂದರೆ ಅದರಲ್ಲಿ ಕರಗಿದ ಆಮ್ಲಜನಕ, ಅಳೆಯುವ ಯಂತ್ರ ನಮ್ಮ ಕಚೇರಿಯಲ್ಲಿ ಇರಲಿಲ್ಲ. ಕೈ, ಮೂಗು, ಕಣ್ಣು, ಇಷ್ಟೇ ಸಾಮಾನು.

ಮೊದಲ ಚಳಿಗಾಲದಲ್ಲೇ ಅವರ ಜೊತೆ ಔರಾದ ತಾಲೂಕಿನ ಸಂತಪುರದ ಹತ್ತಿರದ ಒಂದು ಕೆರೆಗೆ ಹೋದೆ. ಕೊರಮೀನುಗಳ ಮೈಮೇಲೆಲ್ಲ ಹುಣ್ಣು. ಕೆಂಪಗೆ, ದುಂಡಗೆ, ಕೆಲವುಗಳಲ್ಲಿ ಎಲುಬು ಕಾಣುವಷ್ಟು ಆಳ. ಮೀನು ಬದುಕಿದ್ದಾಗಲೇ ಬಾಲ ಕೊಳೆತು ಬಿದ್ದಿತ್ತು. ಊರ ಹೆಂಗಸರು ಏರಿಯ ಮೇಲೆ ಬೇವಿನ ಟೊಂಗೆ ಇಟ್ಟು ಅರಿಶಿನ ಚೆಲ್ಲಿದ್ದರು. "ಅಮ್ಮ ಬಂದಾಳ್ರಿ ಮೀನಿಗಿ" ಎಂದು ಒಬ್ಬ ಮುದುಕಿ ಹೇಳಿದಳು. ನನಗೆ ನಗು ಬರುವುದರಲ್ಲಿತ್ತು. ಸಾಹೇಬರು ನನ್ನ ಕಡೆ ಒಂದು ಸಲ ನೋಡಿದರು, ಅಷ್ಟೇ. ನಗು ಅಲ್ಲೇ ಸತ್ತಿತು.

ಅವರು ಮುದುಕಿಯ ಪಕ್ಕ ಕೂತು ಕೇಳಿದರು, "ಅಮ್ಮಾ, ಈ ವರ್ಷ ಈ ಕೆರ್ಯಾಗ ಏನೇನಾಯ್ತು, ಹೇಳ್ರಿ ನೋಡೋಣ."

ನೆನಪು ಮಾಡಿಕೊಂಡು ಒಬ್ಬೊಬ್ಬರೇ ಹೇಳಿದರು. ರಸ್ತೆ ಕೆಲಸಕ್ಕೆ ಕೆರೆಯ ಮೇಲ್ದಂಡೆಯ ಕೆಂಪು ಮೊರಂ ಅಗೆದು ಒಯ್ದಿದ್ದರು. ಮಳೆಗೆ ಅಲ್ಲಿನ ಮಣ್ಣೆಲ್ಲ ಕೆರೆಗೆ ಬಂದಿತ್ತು. ಮಳೆ ನಿಂತ ಕೂಡಲೇ ಹಿಂಗಾರಿ ಬೆಳೆಗೆ ಸುತ್ತಲೂ ಮೋಟಾರು ಹಚ್ಚಿದ್ದರು. ಕೆರೆ ಅರ್ಧಕ್ಕಿಂತ ಕೆಳಗೆ ಇಳಿದಿತ್ತು. ನೀರು ಕಡಿಮೆಯಾದಷ್ಟೂ ರಾತ್ರಿಯ ಥಂಡಿ ತಳದವರೆಗೆ ಇಳಿಯುತ್ತದೆ.

ವಾಪಸು ಬರುವಾಗ ಸಾಹೇಬರು ಬಸ್ಸಿನಲ್ಲಿ ನನಗೆ ಪಾಠ ಹೇಳಿದರು. ಮೀನಿನ ಮೈ ನೀರಿನಷ್ಟೇ ತಣ್ಣಗಿರುತ್ತದೆ. ಥಂಡಿ ಬಿದ್ದಾಗ ಅದು ತಿನ್ನುವುದು ಬಿಟ್ಟು ತಳದಲ್ಲಿ ಸುಮ್ಮನೆ ಇರುತ್ತದೆ. ರೋಗ ಬಂದರೆ ತಡೆಯುವ ಶಕ್ತಿಯೂ ಆಗ ಕಡಿಮೆ. ಆದರೂ ಹಿಂದಿನಿಂದ ಪ್ರತಿ ಚಳಿಗಾಲವನ್ನೂ ಅದು ದಾಟಿಕೊಂಡೇ ಬಂದಿದೆ. "ಈ ಸಲ ಯಾಕ ದಾಟಲಿಲ್ಲ? ಅದು ಹುಡುಕು ಬೇಟಿ. ಥಂಡಿ ಅಂತೂ ದರ್ ಸಾಲ ಬರ್ತದ. ಥಂಡಿಗಿ ಸತ್ತಾವ ಅಂತ ಬರದು ಮನಿಗಿ ಹೋಗೋದು ಭಾಳ ಸುಲಭ."

ಆ ಕೆರೆಗೆ ತೆಪ್ಪದ ಮೇಲಿಂದ ಸುಣ್ಣ ಚೆಲ್ಲಿದೆವು. ಕೈ ಸುಟ್ಟುಕೊಂಡೆವು. ಕೆಲವು ಮೀನು ಉಳಿದವು. ಆ ರೋಗ ಮನುಷ್ಯರಿಗೆ ಬರುವುದಿಲ್ಲ ಎಂದು ಎಷ್ಟು ಸಾರಿದರೂ ಆ ಚಳಿಗಾಲವೆಲ್ಲ ಸಂತಪುರದ ಸಂತೆಯಲ್ಲಿ ಯಾರೂ ಮೀನು ಮುಟ್ಟಲಿಲ್ಲ.

ಥಂಡಿಗೆ ಮೀನು ಸಾಯುವುದೇ ಇಲ್ಲ ಎಂದು ನಾನು ಹೇಳುತ್ತಿಲ್ಲ. ಬೀದರದ ಕೈಗಾರಿಕಾ ಪ್ರದೇಶ ಕೊಳಾರದಲ್ಲಿ ಗೋದಾಮು ಇಟ್ಟಿದ್ದ ಶಿವರಾಜಪ್ಪ ಎಂಬ ವ್ಯಾಪಾರಿ ಔರಾದ ರಸ್ತೆಯಲ್ಲಿ ಹೊಲ ತೆಗೆದುಕೊಂಡು ಹೊಂಡ ತೋಡಿಸಿ, ರೂಪಚಂದ್ ಎಂಬ ಹೊರಗಿನ ಜಾತಿಯ ಮೀನಿನ ಮರಿ ತರಿಸಿ ಬಿಟ್ಟಿದ್ದರು. ಅದು ಬಿಸಿನೀರಿನ ನಾಡಿನ ಮೀನು, ನಮ್ಮ ಪುಷ್ಯಮಾಸ ತಡೆಯುವುದಿಲ್ಲ ಎಂದು ನಾನು ಮೊದಲೇ ಹೇಳಿದ್ದೆ. ಅವರು, "ನೀವು ಸರ್ಕಾರಿ ಮಂದಿ ಹಿಂಗೇ ಅಂಜಸ್ತೀರಿ" ಎಂದು ಚಹಾ ಕುಡಿಸಿ ಕಳಿಸಿದರು. ಎಳ್ಳಮಾವಾಸ್ಯೆ ಮುಗಿದ ವಾರ ಫೋನು ಬಂತು. ಹೋಗಿ ನೋಡಿದರೆ ಹೊಂಡದ ನಾಲ್ಕೂ ದಂಡೆಗೆ ತೊಗರಿಕಟ್ಟಿಗೆ ಒಟ್ಟಿ ಬೆಂಕಿ ಹಾಕಿಸಿದ್ದಾರೆ, ನೀರು ಬೆಚ್ಚಗಾಗಲಿ ಎಂದು. ಬೂದಿ ಹಾರಿ ನೀರಿಗೆ ಬೀಳುತ್ತಿದೆ. ಹಸಿದಾವೇನೋ ಎಂದು ಮೂಟೆಗಟ್ಟಲೆ ಹಿಂಡಿಯನ್ನೂ ಸುರಿಸಿದ್ದಾರೆ. ಅದು ತಿನ್ನುವವರಿಲ್ಲದೆ ತಳದಲ್ಲಿ ಕೊಳೆಯುತ್ತಿತ್ತು. ಬೆಳ್ಳಗೆ ಹೊಟ್ಟೆ ಮೇಲಾಗಿ ತೇಲುತ್ತಿದ್ದ ಮೀನುಗಳನ್ನು ನೋಡುತ್ತ ಆ ಮನುಷ್ಯ ದಂಡೆಯಲ್ಲಿ ಕಂಬಳಿ ಹೊದ್ದು ಕೂತಿದ್ದರು. ನನ್ನನ್ನು ಕಂಡು, "ಖರೆ ಹೇಳಿದ್ರಿ ಮೇಡಂ" ಎಂದರು. ಇದು ನಿಜವಾಗಿ ಥಂಡಿಯ ಸಾವು. ಆದರೆ ಆ ಮೀನನ್ನು ಅಲ್ಲಿಗೆ ತಂದದ್ದು ಥಂಡಿಯಲ್ಲ.

ಖಾದರ್ ಸಾಹೇಬರು ನಿವೃತ್ತರಾಗಿ ಹೋದರು. ಅವರ ನಂತರ ಎಷ್ಟೋ ಮೇಲಧಿಕಾರಿಗಳು ಬಂದು ಹೋದರು. ಯಂತ್ರಗಳು ಬಂದವು. ಬಟನ್ ಒತ್ತಿದರೆ ನೀರಿನ ಉಸಿರು, ಹುಳಿ, ಶಾಖ ಎಲ್ಲ ಅಂಕಿಯಲ್ಲಿ ಕಾಣುತ್ತದೆ. ಒಳ್ಳೆಯದೇ. ಅದರೊಂದಿಗೆ ಕೆರೆಗೆ ಹೋಗುವುದು ಕಡಿಮೆಯಾಯಿತು, ಫೋಟೊ ಕಳಿಸಿದರೆ ಸಾಕು ಎನ್ನುವ ರೂಢಿ ಬಂತು. ಇನ್ನೊಂದು ಬದಲಾವಣೆಯೂ ಆಯಿತು. ಮೊದಲು ಕೆರೆಗೆ ಹರಿದು ಬರುತ್ತಿದ್ದದ್ದು ಮಣ್ಣು, ಸೆಗಣಿ, ಬಟ್ಟೆ ಒಗೆದ ನೀರು. ಆಮೇಲೆ ಬಂದದ್ದು ಏನೆಂದು ನೋಡಿದವರಿಗೂ ಹೆಸರು ಹೇಳಲು ಬರುತ್ತಿರಲಿಲ್ಲ.

ಈಗ ಹೇಳಲು ಹೊರಟ ಸಂಗತಿ ನನ್ನ ನೌಕರಿಯ ಕೊನೆಯ ಕಾಲದ್ದು. ಭಾಲ್ಕಿ ತಾಲೂಕಿನ ಭಾತಂಬ್ರಾದಿಂದ ಸ್ವಲ್ಪ ದೂರದಲ್ಲಿ ಒಂದು ಸಣ್ಣ ಕೆರೆ. ಅಲ್ಲಿ ಮೀನು ಹಿಡಿಯುತ್ತಿದ್ದವರ ಸಂಘಕ್ಕೆ ತುಕಾರಾಮ ಮುಖ್ಯಸ್ಥ. ನಲವತ್ತು ದಾಟಿದ ಆಳು, ಗಟ್ಟಿ ಮೈಕಟ್ಟು, ಮಾತು ಕಡಿಮೆ. ಅವನ ಹೆಂಡತಿ ಶೇವಂತಾಬಾಯಿ ಭಾಲ್ಕಿ ಸಂತೆಯಲ್ಲಿ ಮೀನು ಮಾರುತ್ತಿದ್ದಳು. ಗಂಡನ ಪಾಲಿನ ಮಾತನ್ನೂ ಅವಳೇ ಆಡುತ್ತಿದ್ದಳು. ತಮ್ಮ ಮಾರುತಿ ಅಣ್ಣನ ನೆರಳಿನಂತೆ ಬಲೆ ಹೊತ್ತು ಹಿಂದೆ ಇರುತ್ತಿದ್ದ. ಚಳಿಗಾಲ ಬಂದರೆ ಆ ಕೆರೆಗೆ ತಲೆಯ ಮೇಲೆ ಕರಿಪಟ್ಟೆಯಿರುವ ಹೆಬ್ಬಾತುಗಳು ಬರುತ್ತಿದ್ದವು. ಹಿಮದ ನಾಡಿನಿಂದ ಬರುತ್ತವೆ ಎಂದು ನಾನು ಹೇಳಿದಾಗ ತುಕಾರಾಮ, "ಅಷ್ಟ್ ದೂರದಿಂದ ಬಂದ್ ನಮ್ಮ ಕಡ್ಲಿ ತಿಂದ್ ಹೋಗ್ತಾವ್ರಿ, ತಿನ್ಲಿ ಬಿಡ್ರಿ" ಎಂದಿದ್ದ.

ಪುಷ್ಯದ ಒಂದು ಬೆಳಿಗ್ಗೆ ಅವನ ಫೋನು ಬಂತು. "ಮೇಡಂ, ಕೆರಿ ಕರ್ರಗಾಗ್ಯಾದ್ರಿ. ಮೀನೆಲ್ಲ ಮ್ಯಾಲಿ ಬಂದ್ ಬಾಯಿ ತೆಗಿಲಿಕತ್ತಾವ. ಜಲ್ದಿ ಬರ್ರಿ."

ಭಾಲ್ಕಿಯಲ್ಲಿದ್ದ ನಾನು ಸ್ಕೂಟಿ ತೆಗೆದುಕೊಂಡು ಹೊರಟೆ. ಬಿಳಿಜೋಳದ ಹೊಲಗಳ ಮೇಲೆ ಮಂಜು ಕವಿದಿತ್ತು. ಗಾಳಿ ಎಂಬುದೇ ಇರಲಿಲ್ಲ. ಹೊಗೆ ಕೂಡ ಮೇಲೆ ಏರದೆ ನೆಲದ ಮೇಲೆ ಮಲಗಿತ್ತು. ಕೆರೆ ಇನ್ನೂ ಕಾಣುವ ಮೊದಲೇ ಕೊಳೆತ ತತ್ತಿಯ ವಾಸನೆ ಮೂಗಿಗೆ ಹೊಡೆಯಿತು. ಏರಿ ಹತ್ತಿದರೆ ನೀರು ಡಾಂಬರು ಕಲಸಿದ ಹಾಗಿತ್ತು. ದೊಡ್ಡ ಕಾಟ್ಲಾ ಮೀನುಗಳು ಗುಂಪು ಗುಂಪಾಗಿ ಮೇಲೆ ಬಂದು ಬಾಯಿ ತೆರೆದು ಮುಚ್ಚುತ್ತಿದ್ದವು. ಸಣ್ಣವು ಆಗಲೇ ಸತ್ತು ದಂಡೆಗೆ ಹತ್ತಿದ್ದವು. ಹೆಬ್ಬಾತು ಒಂದೂ ಇರಲಿಲ್ಲ.

ಜನ ಆಗಲೇ ಬುಟ್ಟಿ ತುಂಬುತ್ತಿದ್ದರು. ಇನ್ನೂ ಒದ್ದಾಡುತ್ತಿರುವ ಮೀನು, ಬೀದರಕ್ಕೆ ಒಯ್ದರೆ ತಾಜಾ ಎಂದೇ ಹೋಗುತ್ತದೆ. ನಾನು ಕೂಗಾಡಿದೆ. "ಇದು ತಿನ್ನೂ ಮೀನಲ್ಲ, ಒಯ್ಯಬ್ಯಾಡ್ರಿ." ಯಾರೂ ಕೇಳಲಿಲ್ಲ. ಒಬ್ಬ, "ಮುಂದಿನ ವರ್ಷದ ಮಟ ನೀವು ಊಟ ಹಾಕ್ತೀರೇನ್ರಿ?" ಎಂದು ನೇರವಾಗಿ ಕೇಳಿದ. ಶೇವಂತಾಬಾಯಿ ತನ್ನ ಬುಟ್ಟಿಯನ್ನು ಏರಿಯ ಮೇಲೆ ಬೋರಲು ಹಾಕಿದಳು. "ನಾ ನನ್ನ ಮಕ್ಕಳಿಗಿ ಹಾಕ್ಲಾರದ್ದು ಮಂದಿ ಮಕ್ಕಳಿಗಿ ಹ್ಯಾಂಗ ಹಾಕ್ಲಿ? ಸುರೀರಿ ಎಲ್ಲಾರೂ" ಎಂದಳು. ಒಬ್ಬೊಬ್ಬರಾಗಿ ಸುರಿದರು. ಬೈಯುತ್ತಲೇ ಸುರಿದರು.

ಆಗ ತುಕಾರಾಮನಿಗೆ ಕಾಲುವೆ ನೆನಪಾಯಿತು. ಕಡಲೆ ಹೊಲಗಳಿಗೆಂದು ಕೆರೆಯ ತೂಬು ತೆರೆದಿತ್ತು. ಆ ಕರಿನೀರು ಕಾಲುವೆಗುಂಟ ಹೋಗಿ ದನ ಕುಡಿಯುವ ತೊಟ್ಟಿಗೆ ಬೀಳುತ್ತದೆ. ತೊಟ್ಟಿಯ ಪಕ್ಕದಲ್ಲೇ ಊರಿನ ಬಾವಿ. ತೂಬಿಗೆ ಹಳೇ ಕಾಲದ ಕಲ್ಲಿನ ಬಾವಿಯಂಥ ಗುಂಡಿ ಇತ್ತು. ಒಳಗೆ ಕಬ್ಬಿಣದ ಮೆಟ್ಟಿಲು ಇಳಿದು ತಳದಲ್ಲಿ ಹಲಗೆ ಕೂಡಿಸಬೇಕು. ಅವನು ಅಂಗಿ ಬಿಚ್ಚಿ, ಹಲಗೆ ಹಿಡಿದು, ನಾನು ಅತ್ತ ಹೋಗುವಷ್ಟರಲ್ಲಿ ಅರ್ಧ ಇಳಿದಿದ್ದ.

"ತುಕಾರಾಮ, ಮ್ಯಾಲಿ ಬಾ. ವಾಸನಿ ಭಾಳ ಅದ ಅಲ್ಲಿ" ಎಂದು ಬಗ್ಗಿ ಕೂಗಿದೆ.

ಒಳಗಿನಿಂದ ಹಲಗೆ ಕಲ್ಲಿಗೆ ಬಡಿದ ಸದ್ದು ಬಂತು. ಆಮೇಲೆ ಅವನ ದನಿ. "ಬಂದ್ ಆಯ್ತ್ರಿ ಮೇಡಂ. ವಾಸನಿನೂ ಹೋಯ್ತ್ರಿ ಈಗ. ಏನೂ ಬರವಲ್ದು."

ಅದೇ ಅವನ ಕೊನೆಯ ಮಾತು. ಏನೋ ದೊಪ್ಪೆಂದು ಬಿದ್ದ ಹಾಗಾಯಿತು. ಹೊಸಬರು ಇದನ್ನು ನೆನಪಿಡಬೇಕು. ಕೊಳೆತ ತತ್ತಿಯ ಹಾಗೆ ನಾರುವ ಆ ವಿಷಗಾಳಿ ಹೆಚ್ಚಾದಾಗ ಮೊದಲು ಮೂಗನ್ನೇ ಕೊಲ್ಲುತ್ತದೆ. ವಾಸನೆ ಹೋಯಿತು ಎನ್ನಿಸಿದರೆ ಗಾಳಿ ಶುದ್ಧವಾಯಿತು ಎಂದಲ್ಲ. ನನಗೆ ಅದು ಆಮೇಲೆ ಓದಿ ತಿಳಿಯಿತು.

ಆದರೆ ಒಂದು ಮಾತ್ರ ಆಗಲೇ ಗೊತ್ತಿತ್ತು. ಜೋಳ ತುಂಬಿಡುವ ನೆಲದೊಳಗಿನ ಹಗೇವಿಗೆ ಇಳಿದು ಒಬ್ಬರ ಹಿಂದೆ ಒಬ್ಬರು ಸತ್ತ ಸಂಗತಿಗಳನ್ನು ಅಜ್ಜಿಯ ಬಾಯಲ್ಲಿ ಕೇಳಿದ್ದೆ. ಮಾರುತಿ ಓಡಿ ಬಂದು "ಅಣ್ಣಾ" ಎನ್ನುತ್ತ ಮೆಟ್ಟಿಲಿಗೆ ಕಾಲಿಟ್ಟಾಗ ನಾನು ಅವನ ಅಂಗಿಯನ್ನು ಎರಡೂ ಕೈಯಿಂದ ಹಿಡಿದೆ. ಅವನು ನನ್ನ ಕೈಗೆ ಹೊಡೆದ. ನೆಲಕ್ಕೆ ಬಿದ್ದರೂ ನಾನು ಬಿಡಲಿಲ್ಲ. "ಹಗ್ಗ ತರ್ರಿ, ಕೊಕ್ಕಿ ತರ್ರಿ, ಯಾರೂ ಇಳೀಬ್ಯಾಡ್ರಿ" ಎಂದು ಕಿರುಚುತ್ತಿದ್ದೆ. ಜನ ಹಗ್ಗಕ್ಕೆ ಕಬ್ಬಿಣದ ಕೊಕ್ಕೆ ಕಟ್ಟಿ, ಎಷ್ಟೋ ಸಲ ಬಿಟ್ಟು, ಕೊನೆಗೆ ಅವನ ಸೊಂಟದ ಬಟ್ಟೆಗೆ ಸಿಗಿಸಿ ಎಳೆದರು. ಮೇಲೆ ಬಂದಾಗ ಉಸಿರಿರಲಿಲ್ಲ. ಶೇವಂತಾಬಾಯಿ ಅವನ ಎದೆ ತಿಕ್ಕುತ್ತ, "ಮೈ ಎಷ್ಟ್ ತಣ್ಣಗ ಅದ, ಯಾರರೆ ಕಂಬಳಿ ಕೊಡ್ರಿ, ಯಾರರೆ ಕೊಡ್ರಿ" ಎನ್ನುತ್ತಲೇ ಇದ್ದಳು.

ನಮ್ಮ ಆಗಿನ ಸಾಹೇಬರು ಮಧ್ಯಾಹ್ನ ಬಂದರು. ಹೊರಜಿಲ್ಲೆಯವರು. ಕೆಟ್ಟವರಲ್ಲ. ನನ್ನ ಗಂಡ ಆಸ್ಪತ್ರೆಯಲ್ಲಿದ್ದಾಗ ತಮ್ಮ ಕಾರಿನಲ್ಲಿ ಕರೆದೊಯ್ದವರು ಅವರೇ. ಆದರೆ ತಲೆನೋವು ಬೇಡ ಎನ್ನುವ ಮನುಷ್ಯ. ಅಷ್ಟೊತ್ತಿಗೆ ಬಿಸಿಲು ಬಂದು ಸ್ವಲ್ಪ ಗಾಳಿ ಬೀಸಿ ವಾಸನೆ ತಗ್ಗಿತ್ತು. ಏರಿಯ ಮೇಲಿಂದಲೇ ನೋಡಿ ಹೇಳಿದರು, "ನಿನ್ನೆ ರಾತ್ರಿ ಎಷ್ಟು ಚಳಿ ಇತ್ತು ನೋಡಿದ್ರಲ್ಲ. ತಳದ ನೀರು ಮೇಲೆ ಬಂದಿದೆ, ಮೀನು ಹೋಗಿವೆ. ಪ್ರಕೃತಿ. ಆ ಮನುಷ್ಯನೂ ಅಷ್ಟೆ. ಇಂಥ ಚಳಿಯಲ್ಲಿ ಬರಿಮೈಯಲ್ಲಿ ನೀರಿಗೆ ಇಳಿದರೆ ಎದೆ ನಿಲ್ಲದೆ ಏನಾಗುತ್ತೆ?"

"ತಳದ ನೀರು ಚಳಿಗೆ ಮೇಲೆ ಬಂದದ್ದು ಹೌದು ಸರ್. ಆದರೆ ತಳದಲ್ಲಿ ಆ ಹೊಲಸು ಎಲ್ಲಿಂದ ಬಂತು?"

"ಅದನ್ನು ಬರೆದರೆ ಯಾರು ಹಾಕಿದರು ಅಂತ ಕೇಳ್ತಾರೆ. ನಿಮಗೆ ಗೊತ್ತಾ?"

ಗೊತ್ತಿರಲಿಲ್ಲ. ಅವರು ಥಂಡಿ ಎಂದು ಬರೆದರು. ಪಂಚನಾಮೆ ಮಾಡಿದವರೂ ಅದನ್ನೇ ಬರೆದರು. ಹೆಣ ಕೊಯ್ಯಿಸಬೇಕು ಎಂದು ನಾನು ಹೇಳಿದಾಗ ಊರ ಹಿರಿಯರು, ಎದೆ ಒಡೆದು ಸತ್ತವನನ್ನು ಮತ್ತೇನು ಕೊಯ್ಯುವುದು ಎಂದು ಸಂಜೆಯೊಳಗೆ ಸುಟ್ಟರು.

ಸುಡುಗಾಡಿನಿಂದ ಬಂದ ಮೇಲೆ ಮಾರುತಿ ಎಲ್ಲರ ಮುಂದೆ ಬೆರಳು ತೋರಿಸಿದ. "ಈಕಿ ನನ್ನ ಅಂಗಿ ಹಿಡದ್ ನಿಂತ್ಳು. ಥಂಡಿಗಿ ಬಿದ್ದವ್ಗ ಆಗಿಂದಾಗೇ ಎತ್ಕೊಂಡ್ ಬಂದು ಬೆಂಕಿ ಕಾಸಿದ್ರ ನಮ್ಮಣ್ಣ ಉಳೀತಿದ್ದ. ಈಕಿನೇ ಕೊಂದ್ಳು."

ಯಾರೂ ಅವನನ್ನು ತಡೆಯಲಿಲ್ಲ. ಶೇವಂತಾಬಾಯಿ ನನ್ನ ಕಡೆ ನೋಡಲೂ ಇಲ್ಲ. ಸರ್ಕಾರದ ಕಾಗದ ಏನು ಹೇಳುತ್ತಿತ್ತೋ ಅದರ ಪ್ರಕಾರ ಮಾರುತಿಯ ಮಾತೇ ನಿಜವಾಗಿತ್ತು. ಥಂಡಿಗೆ ಕುಸಿದವನನ್ನು ಉಳಿಸಬಹುದಿತ್ತು. ನಾನು ಸ್ಕೂಟಿ ತಳ್ಳಿಕೊಂಡು ಊರು ದಾಟಿದೆ.

ಮರುದಿನ ಒಬ್ಬಳೇ ಕೆರೆಗೆ ಬರುವ ನಾಲೆಯ ಗುಂಟ ಮೇಲಕ್ಕೆ ನಡೆದೆ. ದೊಡ್ಡ ಗಾಡಿಯ ಗಾಲಿಗಳು ನಾಲೆಯ ದಂಡೆಯವರೆಗೆ ಬಂದು ತಿರುಗಿದ ಗುರುತು ಇತ್ತು. ಅಲ್ಲಿಂದ ಕೆಳಗೆ ಹುಲ್ಲು ಸುಟ್ಟ ಹಾಗೆ ಕಂದಿ, ಅಂಟು ಅಂಟಾದ ಕರಿ ಕೆಸರು. ಎರಡು ಕೊಕ್ಕರೆ ರೆಕ್ಕೆ ಬಿಚ್ಚಿಕೊಂಡು ಸತ್ತಿದ್ದವು. ಅವನ್ನು ತಿಂದಿತ್ತೋ ಏನೋ, ಸ್ವಲ್ಪ ದೂರದಲ್ಲಿ ಒಂದು ನಾಯಿಯೂ ಸತ್ತು ಬಿದ್ದಿತ್ತು. ಪಕ್ಕದ ಹೊಲದ ಮುದುಕ ಹೇಳಿದ, "ಮಂಜ ಬಿದ್ದಾಗ ಒಂದ್ ಟ್ಯಾಂಕರ್ ಬರ್ತಿತ್ರಿ. ಒಂದ್ ಸಲ ಅಲ್ಲ. ನಂಬರಾ ಯಾರ್ ನೋಡ್ತಾರ್ರಿ, ಮಂಜಿನ್ಯಾಗ ಗಾಡಿನೇ ಕಾಣಲ್ಲ." ಎಲ್ಲಿಂದ ಬರುತ್ತಿತ್ತು, ಬೀದರದಿಂದಲೋ ಗಡಿಯಾಚೆಯಿಂದಲೋ, ಅವನಿಗೂ ಗೊತ್ತಿಲ್ಲ, ನನಗೂ ಇವತ್ತಿನವರೆಗೆ ಗೊತ್ತಿಲ್ಲ. ಬಾಟಲಿಯಲ್ಲಿ ತುಂಬಿ ಕಳಿಸಿದ ನೀರು ದಾರಿಯಲ್ಲೇ ಕೆಟ್ಟಿದೆ, ಪರೀಕ್ಷೆಗೆ ಬರುವುದಿಲ್ಲ ಎಂದು ಉತ್ತರ ಬಂತು. ನೀರನ್ನು ಮಂಜುಗಡ್ಡೆಯಲ್ಲಿಟ್ಟು ಅದೇ ದಿನ ಮುಟ್ಟಿಸಬೇಕು, ನಮ್ಮಲ್ಲಿ ಅದಕ್ಕೆ ಏರ್ಪಾಡೇ ಇರಲಿಲ್ಲ.

ಮಳೆಗಾಲ ಬಂತು. ಕೆರೆ ತುಂಬಿ ಕೋಡಿ ಹರಿಯಿತು. ನೀರು ಮೊದಲಿನಂತೆ ತಿಳಿಯಾಯಿತು. ಎಲ್ಲ ತೊಳೆದು ಹೋಯಿತು, ಈ ಸಲ ಮರಿ ಬಿಡೋಣ ಎಂದು ಸಂಘದವರು ಓಡಾಡತೊಡಗಿದರು. ನನಗೆ ನಂಬಿಕೆ ಬರಲಿಲ್ಲ. ಹೊಲಸು ನೀರಿನ ಜೊತೆ ಹೋಗುವುದು ಸ್ವಲ್ಪ, ತಳದ ಕೆಸರಿನಲ್ಲಿ ಕೂರುವುದೇ ಹೆಚ್ಚು. ಅದನ್ನು ಬಾಯಿಮಾತಿನಲ್ಲಿ ಹೇಳಿದರೆ ಕೇಳುವವರು ಯಾರು? ಅದರಲ್ಲೂ ನನ್ನ ಬಾಯಿಂದ?

ನಾನು ಶೇವಂತಾಬಾಯಿಯ ಮನೆಗೆ ಹೋದೆ. ಅವಳು ಒಳಗೆ ಬಾ ಎನ್ನಲಿಲ್ಲ, ಹೋಗು ಎನ್ನಲೂ ಇಲ್ಲ. ಹೊಸ್ತಿಲಲ್ಲೇ ನಿಂತು ಹೇಳಿದೆ. "ಒಂದೇ ತಾಯಿಮೀನಿನ ಮರಿ ತರ್ತೇನಿ. ಅರ್ಧ ನಿಮ್ಮ ಕೆರ್ಯಾಗ ಬಲೆ ಪಂಜರದಾಗ ಇಡ್ತೇನಿ, ಅರ್ಧ ಸಂತಪುರದ ಕೆರ್ಯಾಗ, ಈಗ ಅದು ಸುಧಾರಿಸ್ಯಾದ. ಪುಷ್ಯದ ಥಂಡಿ ಎರಡೂ ಕಡಿ ಒಂದೇ. ಥಂಡಿಗಿ ಸಾಯೂದಿದ್ರ ಎರಡೂ ಕಡಿ ಸಾಯಬೇಕು. ನೋಡ್ಕೋತೀಯೇನು?"

ಅವಳು, "ಮೀನ್ ನೋಡ್ಕೋತೇನಿ" ಎಂದಳು. ನಿನ್ನ ಮಾತು ನಂಬುತ್ತೇನೆ ಎನ್ನಲಿಲ್ಲ.

ಕಾರ್ತಿಕದಲ್ಲಿ ಎರಡೂ ಪಂಜರದ ಮರಿಗಳು ಒಂದೇ ಸಮ ಬೆಳೆದವು. ಸಂಘದವರು ನನ್ನನ್ನು ನೋಡಿ ನಗುತ್ತಿದ್ದರು. ಮಾರುತಿ ನಾನು ಬಂದರೆ ಏರಿ ಇಳಿದು ಹೋಗುತ್ತಿದ್ದ. ಆದರೆ ನಾನಿಲ್ಲದಾಗ ಅವನೇ ಪಂಜರದ ಬಲೆ ಉಜ್ಜಿ ಸ್ವಚ್ಛ ಮಾಡುತ್ತಾನೆ ಎಂದು ಶೇವಂತಾಬಾಯಿ ಹೇಳಿದಳು. ಮಾರ್ಗಶಿರ ಕಳೆದು ಬೀದರದ ಹಾಳು ಥಂಡಿ ಬಿತ್ತು, ರೊಟ್ಟಿ ಬಡಿಯುವ ಕೈ ಒಡೆದು ರಕ್ತ ಬರುವ ಥಂಡಿ. ಒಂದು ಬೆಳಿಗ್ಗೆ ಅವಳ ಫೋನು. "ಬರ್ರಿ" ಎಂದಷ್ಟೇ.

ಪಂಜರ ಮೇಲೆತ್ತಿದಾಗ ಮರಿಗಳ ಮೈಯೆಲ್ಲ ಹುಣ್ಣು. ಬಹಳಷ್ಟು ಸತ್ತಿದ್ದವು, ಉಳಿದವು ಪಕ್ಕಕ್ಕೆ ವಾಲಿ ಸುತ್ತುತ್ತಿದ್ದವು. ಬೆಳೆಯುವಾಗ ಆರೋಗ್ಯವಾಗಿಯೇ ಕಂಡಿದ್ದವು. ವಿಷ ಒಳಗೊಳಗೇ ಅವುಗಳ ಬಲ ತಿಂದಿತ್ತು, ಥಂಡಿ ಬಂದು ಉಳಿದದ್ದನ್ನು ಮುಗಿಸಿತ್ತು. ಪಂಜರದ ಗೂಟ ಕಿತ್ತಾಗ ತಳದಿಂದ ಗುಳ್ಳೆ ಎದ್ದು ಅದೇ ಕೊಳೆತ ತತ್ತಿಯ ವಾಸನೆ. ಶೇವಂತಾಬಾಯಿ ಸೆರಗಿನಿಂದ ಮೂಗು ಮುಚ್ಚಿಕೊಂಡು ಹಿಂದೆ ಸರಿದಳು.

ಸಂಘದವರಲ್ಲಿ ಒಬ್ಬ, "ನೋಡ್ರಿ, ಥಂಡಿ ಬಿತ್ತು, ಸತ್ತು. ಸಾಹೇಬರು ಖರೇನೇ ಬರ್ದಾರ" ಎಂದ.

"ಸಂತಪುರಕ್ಕ ಹೋಗಿ ನೋಡೂಣು" ಎಂದಳು ಶೇವಂತಾಬಾಯಿ. ಅದೇ ದಿನ ಹೊರಟೆವು. ಮಾರುತಿ ಕರೆಯದೆಯೇ ಬಂದು ಬಸ್ಸಿನಲ್ಲಿ ಹಿಂದಿನ ಸೀಟಿಗೆ ಕೂತ.

ಸಂತಪುರದ ಕೆರೆಯ ಏರಿಯ ಮೇಲೂ ಮೈ ಕೊರೆಯುವ ಗಾಳಿ. ಮಾರುತಿ ತಾನೇ ನೀರಿಗೆ ಇಳಿದು ಪಂಜರದ ಹಗ್ಗ ಎಳೆದ. ಬಲೆ ಮೇಲೆ ಬರುತ್ತಿದ್ದಂತೆ ಮೀನು ಚಿಮ್ಮತೊಡಗಿದವು. ಬೆಳ್ಳಗೆ, ಕೈಯಷ್ಟು ಉದ್ದ, ಮೈಮೇಲೆ ಒಂದು ಗೀರೂ ಇಲ್ಲ. ಒಂದು ಅವನ ಎದೆಗೆ ಬಡಿದು ನೀರಿಗೆ ಬಿತ್ತು. ಅವನು ಸೊಂಟದವರೆಗೆ ನೀರಿನಲ್ಲಿ ನಿಂತು ನಡುಗುತ್ತಿದ್ದ, ಹೊರಗೆ ಬರಲಿಲ್ಲ.

"ಇಲ್ಲೂ ಅಷ್ಟೇ ಥಂಡಿ ಅದ" ಎಂದ. ನನಗೆ ಹೇಳಿದನೋ, ತನಗೇ ಹೇಳಿಕೊಂಡನೋ.

ಆಮೇಲೆ ದಂಡೆಗೆ ಬಂದು, ನನ್ನ ಮುಖ ನೋಡದೆ, "ಆವತ್ತ ನಾ ಇಳದಿದ್ರ?" ಎಂದು ಕೇಳಿದ.

"ನೀನೂ ಹೋಗ್ತಿದ್ದಿ ಮಾರುತಿ."

ಅವನು ಅಲ್ಲೇ ಕೂತು ಮೊಣಕಾಲ ನಡುವೆ ತಲೆ ಇಟ್ಟುಕೊಂಡ. ಶೇವಂತಾಬಾಯಿ ತನ್ನ ಶಾಲು ತೆಗೆದು ಅವನಿಗೆ ಹೊದಿಸಿದಳು. ವಾಪಸು ಬರುವಾಗ ಬಸ್ಸಿನಲ್ಲಿ ನನ್ನ ಪಕ್ಕ ಕೂತು ಮೊದಲ ಸಲ ನನ್ನನ್ನು ಅಕ್ಕಾ ಎಂದಳು. "ಅಕ್ಕಾ, ಒಂದ್ ಮಾತ ಕೇಳ್ಲಿ? ಅವರ ಸೊಂಟದಾಗ ಬೆಳ್ಳಿ ಉಡದಾರ ಇತ್ತು. ಸುಡೂಕಿಂತ ಮೊದಲ ತಕ್ಕೊಂಡೇನಿ. ಕರ್ರಗ ಆಗ್ಯಾದ್ರಿ. ಹುಣಸಿಹಣ್ಣು ಹಚ್ಚಿ ಎಷ್ಟ್ ತಿಕ್ಕಿದ್ರೂ ಹೋಗವಲ್ದು. ಹಿಂದಿನ ದಿನ ಬರೋಬ್ಬರಿ ಇತ್ತು. ಥಂಡಿಗಿ ಬೆಳ್ಳಿ ಕರ್ರಗ ಆಗ್ತದೇನ್ರಿ?"

ಆಗುವುದಿಲ್ಲ. ಆ ವಿಷಗಾಳಿಗೆ ಆಗುತ್ತದೆ.

ಎರಡೂ ಕಡೆಯ ಮೀನು, ಆ ಉಡದಾರ, ನಾಲೆಯ ಕೆಸರು ಇವನ್ನೆಲ್ಲ ಹಿಡಿದು ಶೇವಂತಾಬಾಯಿ ಮರುತನಿಖೆ ಕೇಳಿದಳು. ನಾನು ಸಾಕ್ಷಿ ಹೇಳಿದೆ. ನಮ್ಮ ಸಾಹೇಬರು ನನ್ನನ್ನು ಕೋಣೆಗೆ ಕರೆದು, "ನಿವೃತ್ತಿಗೆ ಬಂದಿದ್ದೀರಿ, ನಿಮಗೆ ಯಾಕೆ ಬೇಕಿತ್ತು?" ಎಂದರು. ಬೈಗುಳವಲ್ಲ, ನಿಜವಾಗಿ ಅರ್ಥವಾಗದೆ ಕೇಳಿದ ಪ್ರಶ್ನೆ. ತನಿಖೆಗೆ ಬಂದ ಅಧಿಕಾರಿ ವೈದ್ಯರನ್ನು ಕರೆಸಿ ಕೇಳಿದರು, ಕೆರೆಗೆ ತಾವೇ ಬಂದು ಕೆಸರು ಕಲಕಿಸಿ ನೋಡಿದರು. ಮಾರುತಿ ಅವರ ಮುಂದೆ ನಿಂತು, "ಮೇಡಂ ನನ್ನ ಹಿಡೀಲಿಲ್ಲಂದ್ರ ನಮ್ಮವ್ವಗ ಎರಡ್ ಹೆಣ ಆಗ್ತಿದ್ದು" ಎಂದ. ಕೊನೆಗೆ ಥಂಡಿ ಎಂಬ ಮಾತು ಹೋಯಿತು. ಯಾರೋ ನೀರಿಗೆ ಬಿಟ್ಟ ಹೊಲಸಿನಿಂದ ಹುಟ್ಟಿದ ವಿಷಗಾಳಿಯಲ್ಲಿ ಉಸಿರುಗಟ್ಟಿ ಸತ್ತನೆಂದು ತೀರ್ಮಾನವಾಯಿತು. ಯಾರು ಬಿಟ್ಟರು ಎಂಬುದು ತೀರ್ಮಾನವಾಗಲಿಲ್ಲ. ಟ್ಯಾಂಕರು ಮತ್ತೆ ಆ ದಾರಿಗೆ ಬರಲಿಲ್ಲ. ಬೇರೆ ಯಾವ ನಾಲೆಗೆ ಹೋಗುತ್ತಿದೆಯೋ.

ಆ ಕೆರೆಗೆ ಈಗಲೂ ಮೀನು ಬಿಡುವುದಿಲ್ಲ. ತಳದ ಕೆಸರು ತೆಗೆಯುವ ಮಾತು ಪ್ರತಿ ಬೇಸಿಗೆ ಬರುತ್ತದೆ, ಮಳೆ ಬಿದ್ದ ಮೇಲೆ ನಿಲ್ಲುತ್ತದೆ. ಹೆಬ್ಬಾತುಗಳು ಮೇಲೆ ಒಂದು ಸುತ್ತು ಹಾಕಿ ಮುಂದೆ ಹೋಗುತ್ತವೆ ಎಂದು ಊರವರು ಹೇಳುತ್ತಾರೆ. ಸಂಘ ಮುರಿಯಿತು. ಶೇವಂತಾಬಾಯಿ ಮಕ್ಕಳನ್ನು ಕರೆದುಕೊಂಡು ಬೀದರಕ್ಕೆ ಬಂದು ಕೊಳಾರದ ಒಂದು ಶೆಡ್ಡಿನಲ್ಲಿ ಪ್ಯಾಕಿಂಗ್ ಕೆಲಸಕ್ಕೆ ಸೇರಿದಳು.

ಹೋದ ಚಳಿಗಾಲ ಹಾಲು ತರಲು ಹೋದಾಗ ರಸ್ತೆಯಲ್ಲಿ ಸಿಕ್ಕಳು. ತಲೆಗೆ ಸ್ಕಾರ್ಫು, ಕೈಯಲ್ಲಿ ಊಟದ ಡಬ್ಬಿ. ಮಕ್ಕಳ ಓದಿನ ಬಗ್ಗೆ ಕೇಳಿದೆ, ನನ್ನ ಮೊಣಕಾಲಿನ ಬಗ್ಗೆ ಅವಳು ಕೇಳಿದಳು. ನಾನು ಸುಮ್ಮನಿರಲಾರದೆ, "ಕಡೀಗೆ ಖರೆ ಬರದ್ರಲ್ಲ, ಶೇವಂತಾ. ಮನಸ್ಸಿಗೆ ಸ್ವಲ್ಪರೆ ಸಮಾಧಾನ ಆಯ್ತಿಲ್ಲ?" ಎಂದೆ.

ಅವಳು ಡಬ್ಬಿಯನ್ನು ಒಂದು ಕೈಯಿಂದ ಇನ್ನೊಂದು ಕೈಗೆ ಬದಲಿಸಿದಳು.

"ಥಂಡಿ ಅಂತ ಬರದಾಗ ಅತ್ತು ಅತ್ತು ಸುಮ್ಮಾಗಿದ್ದೆ ಅಕ್ಕಾ. ಥಂಡಿ ಮ್ಯಾಲ ಹ್ಯಾಂಗ ಸಿಟ್ ಮಾಡ್ಲಿ? ಈಗ ಖರೆ ಗೊತ್ತಾಗ್ಯಾದ. ದಿನಾ ಇದೇ ರಸ್ತ್ಯಾಗ ಟ್ಯಾಂಕರ್ ಹೋಗ್ತಾವ. ಪ್ರತಿ ಒಂದ್ರಾಗ ಇಣುಕಿ ನೋಡ್ತೇನಿ, ಇಂವೇನಾ, ಇಂವೇನಾ ಅಂತ."

ಅಷ್ಟರಲ್ಲಿ ಕೊಳಾರದ ಕಡೆ ಹೋಗುವ ಟಂಟಂ ಆಟೊ ಬಂದು ನಿಂತಿತು. "ಬರ್ತೇನ್ರಿ ಅಕ್ಕಾ, ತಡಾ ಆದ್ರ ಒಳಗ ಬಿಡಲ್ಲ" ಎಂದು ಹತ್ತಿ, ಹೊರಗೆ ನೋಡಲು ಬರುವ ಅಂಚಿನ ಜಾಗದಲ್ಲಿ ಕೂತಳು.